ಕರೆಪದ ಮತ್ತು ಧ್ವನಿ ಆದೇಶ: ಕನ್ನಡದ ಮೊಬೈಲ್ ಆಪ್‌ಗಳಲ್ಲಿ

ಮೊಬೈಲ್ ಆಪ್ ಒಂದನ್ನು ಬೆರಳು ಸೋಕಿಸದೆ ಮಾತಿನಿಂದಲೇ ನಡೆಸಲು ಬೇಕಾದ ಎರಡು ಅಂಗಗಳು ಕರೆಪದ ಮತ್ತು ಧ್ವನಿ ಆದೇಶ. ತಂತ್ರಜ್ಞರು ವೇಕ್ ವರ್ಡ್ ಎಂದು ಕರೆಯುವ ಕರೆಪದ, ಫೋನು ಸದಾ ಕಾಯುತ್ತಿರುವ ಒಂದು ಪದ ಅಥವಾ ಪುಟ್ಟ ಪದಗುಚ್ಛ. ಅದು ಕಿವಿಗೆ ಬಿದ್ದ ಮೇಲಷ್ಟೇ ಆಪ್ ಮುಂದಿನ ಮಾತಿಗೆ ಗಮನ ಕೊಡುತ್ತದೆ. ಆ ಬಳಿಕ ಆಡುವ ಮಾತು ಧ್ವನಿ ಆದೇಶ. ಅದನ್ನು ಒಂದು ತಂತ್ರಾಂಶ ಬರಹಕ್ಕಿಳಿಸುತ್ತದೆ, ಇನ್ನೊಂದು ಅದರ ಉದ್ದೇಶವನ್ನು ಹೆಕ್ಕುತ್ತದೆ, ಕೊನೆಗೆ ಆಪ್ ಕೆಲಸ ಮಾಡಿ ಉತ್ತರ ಹೇಳುತ್ತದೆ.

ಹೀಗೆ ಮಾತಿನಿಂದ ನಡೆಯುವ ಆಪ್ ಯಾರಿಗೆ ಬೇಕು ಎಂಬುದಕ್ಕೆ ಮಂಡ್ಯ ಜಿಲ್ಲೆ ಒಂದು ಉದಾಹರಣೆ. 2011ರ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ಶೇ. 70.4. ಏಳು ವರ್ಷ ದಾಟಿದ ಪ್ರತಿ ಹತ್ತು ಜನರಲ್ಲಿ ಸುಮಾರು ಮೂವರಿಗೆ ಪರದೆಯ ಮೇಲಿನ ಅಕ್ಷರ ಅಂದು ಉಪಯೋಗಕ್ಕೆ ಬರುವಂತಿರಲಿಲ್ಲ. ಓದು ಬಲ್ಲವರಿಗೂ ಗದ್ದೆಯಲ್ಲಿ ಕೈ ಕೆಸರಾಗಿರುತ್ತದೆ, ಹಾಲು ಕರೆಯುವಾಗ ಎರಡೂ ಕೈ ತೊಡಗಿರುತ್ತವೆ. ದೃಷ್ಟಿ ಇಲ್ಲದವರಿಗಂತೂ ದನಿಯೇ ದಾರಿ. ಹಾಗಾಗಿ ಈ ಲೇಖನ ಉದಾಹರಣೆಗಳನ್ನು ಅದೇ ಜಿಲ್ಲೆಯ ಮದ್ದೂರು–ಮಳವಳ್ಳಿ ಸೀಮೆಯಿಂದ ಆರಿಸಿಕೊಂಡಿದೆ. ಇಲ್ಲಿನ ಮಾತಿಗೆ ಒಗ್ಗುವಂತೆ ಕಟ್ಟಿದ ಆಪ್ ಹಳೇ ಮೈಸೂರಿನ ಬಹುಪಾಲು ಹಳ್ಳಿಗಳಲ್ಲಿ ನಡೆದೀತು. ಪುಸ್ತಕದ ಕನ್ನಡಕ್ಕಷ್ಟೇ ಕಟ್ಟಿದ ಆಪ್ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲೇ ಎಡವುತ್ತದೆ.

ಬೆಳೆದು ಬಂದ ದಾರಿ

ಕರೆದರೆ ಓಗೊಡುವ ಯಂತ್ರದ ಆಸೆ ಹಳೆಯದು. 1920ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 'ರೇಡಿಯೊ ರೆಕ್ಸ್' ಎಂಬ ಆಟಿಕೆ ನಾಯಿ ತನ್ನ ಹೆಸರು ಕೂಗಿದರೆ ಗೂಡಿನಿಂದ ಹೊರಕ್ಕೆ ಹಾರುತ್ತಿತ್ತು. ಹೆಸರಿನೊಳಗಿನ ಸ್ವರದಲ್ಲಿ 500 ಹರ್ಟ್ಸ್ ಆಸುಪಾಸಿನ ಶಕ್ತಿ ಕಂಡರೆ ಸ್ಪ್ರಿಂಗು ಬಿಡಿಸಿಕೊಳ್ಳುತ್ತಿತ್ತು, ಅಷ್ಟೇ. ಫೋನುಗಳಲ್ಲಿ ಸದಾ ಆಲಿಸುವ ಕರೆಪದವನ್ನು ಜನರಿಗೆ ಪರಿಚಯಿಸಿದ್ದು 2013ರ ಮೋಟೊ ಎಕ್ಸ್. ಮರುವರ್ಷ ಆಪಲ್ 'ಹೇ ಸಿರಿ'ಯನ್ನೂ ಅಮೆಜಾನ್ 'ಅಲೆಕ್ಸಾ'ವನ್ನೂ ತಂದವು.

ಕನ್ನಡದಲ್ಲಿ ಗಟ್ಟಿಯಾಗಿ ನಡೆದ ಆರಂಭದ ಕೆಲಸಗಳಲ್ಲಿ ಒಂದು ರೈತರ ಸುತ್ತಲೇ ಇತ್ತು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಸಂಸ್ಥೆಯ ಜಿ. ತಿಮ್ಮರಾಜ ಯಾದವ ಮತ್ತು ಎಚ್.ಎಸ್. ಜಯಣ್ಣ, ಕೃಷಿ ಉತ್ಪನ್ನಗಳ ಬೆಲೆ ಹಾಗೂ ಹವಾಮಾನವನ್ನು ಕನ್ನಡದಲ್ಲಿ ಕೇಳಿ ತಿಳಿಯುವ ದೂರವಾಣಿ ವ್ಯವಸ್ಥೆಯೊಂದನ್ನು ಕಟ್ಟಿ 2017ರಲ್ಲಿ ಅದರ ವಿವರ ಪ್ರಕಟಿಸಿದರು. ರಾಜ್ಯದ ಬೇರೆ ಬೇರೆ ಆಡುನುಡಿ ಪ್ರದೇಶಗಳ ರೈತರ ದನಿಯನ್ನು ಫೋನಿನಲ್ಲೇ ದಾಖಲಿಸಿ, ಕಾಲ್ಡಿ ಎಂಬ ಮುಕ್ತ ತಂತ್ರಾಂಶದಿಂದ ಅದಕ್ಕೆ ತರಬೇತಿ ಕೊಟ್ಟಿದ್ದರು. ಸ್ಮಾರ್ಟ್‌ಫೋನು, ಇಂಟರ್ನೆಟ್ಟು ಎರಡೂ ಬೇಡದ ಆ ವ್ಯವಸ್ಥೆ ಇಂದಿನ ಆಪ್ ತಯಾರಕರಿಗೂ ಒಳ್ಳೆಯ ಮಾದರಿ: ಕೆಲಸದ ವ್ಯಾಪ್ತಿ ಕಿರಿದು, ಪದಪಟ್ಟಿ ಗೊತ್ತಿರುವಂಥದ್ದು, ದನಿಗಳು ಬಳಸುವವರವೇ.

ಅದೇ 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿತು. ಆಂಡ್ರಾಯ್ಡ್ ಫೋನುಗಳ ಗೂಗಲ್ ಅಸಿಸ್ಟೆಂಟ್ 2019ರಲ್ಲಿ ಕನ್ನಡ ಕಲಿಯಿತು; 2024ರ ಜೂನ್‌ನಲ್ಲಿ ಭಾರತಕ್ಕೆ ಬಂದ ಗೂಗಲ್‌ನದೇ ಜೆಮಿನೈ ಆಪ್‌ನ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದು. ಬೇರೆಯವರ ಆಪ್‌ಗಳ ಒಳಗೆ ಕೂರಿಸಬಹುದಾದ ಧ್ವನಿ ಸಹಾಯಕವನ್ನು ಭಾರತೀಯ ಭಾಷೆಗಳಲ್ಲಿ ಒದಗಿಸಲೆಂದೇ ಬೆಂಗಳೂರಿನಲ್ಲಿ 2017ರಲ್ಲಿ ಸ್ಲ್ಯಾಂಗ್ ಲ್ಯಾಬ್ಸ್ ಆರಂಭವಾಯಿತು.

ಕರೆಪದ ಗುರುತಿಸುವ ಬಗೆ

ಮೈಕು ಹಿಡಿದ ದನಿಯನ್ನು ಫೋನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಅಳತೆಗಳಾಗಿ ಬರೆದುಕೊಳ್ಳುತ್ತದೆ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಒಂದು ತುಣುಕು ತೆಗೆದು, ಯಾವ ಕಂಪನಾಂಕದಲ್ಲಿ ಎಷ್ಟು ಶಕ್ತಿ ಇದೆ ಎಂದು ಲೆಕ್ಕ ಹಾಕುತ್ತದೆ. ಹೀಗೆ ಸಿಕ್ಕ ಒಂದು ಸೆಕೆಂಡಿನಷ್ಟು ಲೆಕ್ಕವನ್ನು ಒಂದು ಪುಟ್ಟ ನರಜಾಲ ನೋಡಿ, ಇದು ನನ್ನ ಪದವೇ ಎಂಬುದಕ್ಕೆ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತದೆ. ಅಂಕ ನಿಗದಿತ ಮಟ್ಟ ಮೀರಿದರೆ ಆಪ್ ಎಚ್ಚರಗೊಳ್ಳುತ್ತದೆ. ಗೂಗಲ್‌ನ ಸಂಶೋಧಕರು 2014ರಲ್ಲಿ ಫೋನಿನ ಸಣ್ಣ ಶಕ್ತಿಗೆ ಒಗ್ಗುವ ಇಂಥ ಜಾಲವನ್ನು ವಿವರಿಸಿದ ಮೇಲೆ ಈ ವಿಧಾನವೇ ರೂಢಿಯಾಯಿತು. ಹಲವು ಫೋನುಗಳಲ್ಲಿ ಇದು ಎರಡು ಹಂತದ ಕೆಲಸ: ಕಡಿಮೆ ವಿದ್ಯುತ್ ಬಳಸುವ ಚಿಪ್ಪು ಮೊದಲು ಅನುಮಾನಿಸುತ್ತದೆ, ಮುಖ್ಯ ಪ್ರೊಸೆಸರ್ ಎದ್ದು ದೊಡ್ಡ ಜಾಲದಿಂದ ಖಾತ್ರಿ ಮಾಡಿಕೊಳ್ಳುತ್ತದೆ.

ತಪ್ಪುಗಳು ಎರಡು ಬಗೆ. ಕರೆಯದೆ ಎದ್ದರೆ ಒಂದು, ಕರೆದರೂ ಏಳದಿದ್ದರೆ ಇನ್ನೊಂದು. ಅಂಕದ ಮಟ್ಟವನ್ನು ಮೇಲೇರಿಸಿದರೆ ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆ. ಸೆಕೆಂಡಿಗೆ ಹತ್ತು ಸಲ ತೀರ್ಪು ಕೊಡುವ ಜಾಲ ದಿನಕ್ಕೆ 8,64,000 ತೀರ್ಪು ಕೊಡುತ್ತದೆ. ದಿನಕ್ಕೆ ಒಂದೇ ಸಲ ಸುಮ್ಮನೆ ಎದ್ದರೂ ಅದು ಎಂಟೂವರೆ ಲಕ್ಷಕ್ಕೂ ಮಿಕ್ಕಿದ ತೀರ್ಪುಗಳಲ್ಲಿ ಒಂದು ತಪ್ಪು. ನೂರಕ್ಕೆ ತೊಂಬತ್ತೊಂಬತ್ತು ಸರಿ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಆದ್ದರಿಂದ ಕರೆಪದದ ಗುಣಮಟ್ಟವನ್ನು ಗಂಟೆಗೆ ಅಥವಾ ದಿನಕ್ಕೆ ಎಷ್ಟು ಸುಳ್ಳು ಎಚ್ಚರ ಎಂದು ಅಳೆಯುತ್ತಾರೆ.

ಕನ್ನಡಕ್ಕೆ ಒಪ್ಪುವ ಕರೆಪದ

ಒಳ್ಳೆಯ ಕರೆಪದಕ್ಕೆ ಮೂರು ನಾಲ್ಕು ಅಕ್ಷರಗಳ ಉದ್ದವಿರಬೇಕು, ಒಳಗಿನ ವ್ಯಂಜನಗಳು ಒಂದಕ್ಕೊಂದು ದೂರವಿರಬೇಕು, ದಿನಬಳಕೆಯ ಮಾತಿನಲ್ಲಿ ಅದು ನುಸುಳಬಾರದು. ಇದು ಎಲ್ಲ ಭಾಷೆಗಳಿಗೂ ಸಲ್ಲುವ ನಿಯಮ. ಮದ್ದೂರಿನಲ್ಲಿ ಇನ್ನೆರಡು ನಿಯಮ ಸೇರುತ್ತವೆ, ಎರಡೂ ಇಲ್ಲಿನ ಉಚ್ಚಾರದಿಂದ ಬಂದವು.

ಈ ಸೀಮೆಯ ಹಳ್ಳಿ ಮಾತಿನಲ್ಲಿ ಪದದ ಮೊದಲ ಹಕಾರ ಸಾಮಾನ್ಯವಾಗಿ ಉದುರುತ್ತದೆ. ಹಾಲು ಆಲಾಗುತ್ತದೆ, ಹೊಲ 'ಒಲ' ಆಗುತ್ತದೆ, ಹೆಸರು ಎಸ್ರಾಗುತ್ತದೆ. 'ಹೇ', 'ಹಲೋ' ಎಂದು ಶುರುವಾಗುವ ಕರೆಪದ ಇಲ್ಲಿ ತನ್ನ ಮೊದಲ ದನಿಯನ್ನೇ ಕಳೆದುಕೊಳ್ಳುತ್ತದೆ. ಹಕಾರ ಉಳಿಸಿಕೊಂಡವರ ಬಾಯಲ್ಲೂ ಅದು ಬರೀ ಉಸಿರು, ಗಾಳಿಯ ಸದ್ದಿನಲ್ಲಿ ಮೈಕಿಗೆ ಸಿಗದು. ಎರಡನೆಯದು ಶಕಾರ. ಮದ್ದೂರು ಪಟ್ಟಣಕ್ಕೆ ಅಂಟಿಕೊಂಡ ಶಿವಪುರ ಹಿರಿಯರ ಬಾಯಲ್ಲಿ 'ಸಿವ್ಪುರ'. ಶಕಾರವನ್ನೇ ನೆಚ್ಚಿದ ಕರೆಪದಕ್ಕೆ ಹೀಗೆ ಎರಡು ರೂಪ ಬರುತ್ತದೆ, ತರಬೇತಿಯಲ್ಲಿ ಎರಡನ್ನೂ ಕಲಿಸಬೇಕು.

ಅಣ್ಣ, ಅಕ್ಕ, ಗೌಡ, ಗುರು, ಸ್ವಾಮಿ, ಶಿವ ಇವು ಯಾವುವೂ ಕರೆಪದವಾಗಿ ಬಾಳುವುದಿಲ್ಲ. ಕೂತಲ್ಲಿ ನಿಂತಲ್ಲಿ ಜನ ಇವನ್ನು ಆಡುತ್ತಲೇ ಇರುತ್ತಾರೆ. ಆಪಲ್ 2023ರಲ್ಲಿ 'ಹೇ ಸಿರಿ'ಯನ್ನು ಮೊಟಕುಗೊಳಿಸಿ ಬರೀ 'ಸಿರಿ' ಸಾಕೆಂದಿತು. ಸಿರಿಧಾನ್ಯದ ಬೇಸಾಯ ಮಾಡುವವರ ಮನೆಯಲ್ಲಿ ಅದೆಷ್ಟು ಸಲ ಬಾಯಿಗೆ ಬರುವ ದನಿ ಎಂಬುದು ಊಹಿಸಲು ಕಷ್ಟವಲ್ಲ. ಗ, ಟ, ಬ, ಡ, ಮ ಮುಂತಾದ ಗಟ್ಟಿ ದನಿಗಳಿಂದ ಶುರುವಾಗಿ, ನಡುವೆ ದೀರ್ಘ ಸ್ವರವೊಂದನ್ನು ಹೊತ್ತ, ಎರಡು ಪದ ಜೋಡಿಸಿದ ಕರೆ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಪದದ ಕೊನೆಯ ಉಕಾರ, ಇಕಾರಗಳನ್ನು ನೆಚ್ಚಬಾರದು, ಆಡುಮಾತು ಅವನ್ನು ನುಂಗುತ್ತದೆ.

ಕರೆಪದಕ್ಕೆ ತರಬೇತಿ ಕೊಡಲು ಸಾವಿರಾರು ಉಚ್ಚಾರಗಳು ಬೇಕು. ಯಂತ್ರದ ದನಿಯಿಂದ ಆ ಉಚ್ಚಾರಗಳನ್ನು ಹುಟ್ಟಿಸಿ, ಮೇಲೆ ಗದ್ದಲ ಬೆರೆಸಿ ಕಲಿಸುವುದು ಈಚಿನ ರೂಢಿ. 2023ರಲ್ಲಿ ಬಂದ ಓಪನ್‌ವೇಕ್‌ವರ್ಡ್ ಎಂಬ ಮುಕ್ತ ತಂತ್ರಾಂಶದ ದಾರಿ ಇದು. ಕನ್ನಡಕ್ಕೂ ಈಗ ಯಂತ್ರದನಿಗಳಿವೆ. ಅವು ಆಡುವುದು ಆಕಾಶವಾಣಿಯ ವಾರ್ತೆಯಂಥ ಶುದ್ಧ ಕನ್ನಡವಾದ್ದರಿಂದ ಹಕಾರ ಬಿಟ್ಟ, ಸ್ವರ ನುಂಗಿದ ಉಚ್ಚಾರಗಳನ್ನು ಊರಿನ ಜನರಿಂದಲೇ ದಾಖಲಿಸಿಕೊಳ್ಳಬೇಕು. ಗದ್ದಲವೂ ಸ್ಥಳೀಯವೇ ಆಗಬೇಕು: ಟ್ರ್ಯಾಕ್ಟರು, ಆಲೆಮನೆಯ ಗಾಣ, ಮೋಟಾರಿನ ಗುಂಯ್ಗುಡುವಿಕೆ, ದೇವಸ್ಥಾನದ ಮೈಕು, ನಡುಮನೆಯ ಟೀವಿ.

ಫೋನಿನ ಕಟ್ಟಲೆಗಳು

ಸಣ್ಣ ಆಪ್ ತಯಾರಕರು ಆರಂಭದಲ್ಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಪರದೆ ಆರಿದಾಗಲೂ ಕೇಳಿಸಿಕೊಳ್ಳುವ ಸವಲತ್ತು ಫೋನಿನ ಸ್ವಂತ ಸಹಾಯಕನದು. ಬೇರೆ ಆಪ್‌ಗೆ ಅದು ಸುಲಭವಾಗಿ ದಕ್ಕದು. ಆಂಡ್ರಾಯ್ಡ್ 6ರಿಂದ ಮೈಕಿನ ಅನುಮತಿಯನ್ನು ಬಳಸುವ ಹೊತ್ತಿನಲ್ಲೇ ಕೇಳಬೇಕು. ಆಂಡ್ರಾಯ್ಡ್ 9ರಿಂದ ಹಿನ್ನೆಲೆಗೆ ಸರಿದ ಆಪ್‌ಗೆ ಮೈಕು ಸಿಗುವುದಿಲ್ಲ. ಬೇಕೆಂದರೆ ಸದಾ ಕಾಣುವ ಸೂಚನೆಯೊಂದನ್ನು ತೋರಿಸುತ್ತ ಮುನ್ನೆಲೆ ಸೇವೆಯಾಗಿ ಓಡಬೇಕು. ಆಂಡ್ರಾಯ್ಡ್ 12 ಮೈಕು ತೆರೆದಾಗಲೆಲ್ಲ ಪರದೆಯ ಮೂಲೆಯಲ್ಲಿ ಹಸಿರು ಗುರುತು ಮೂಡಿಸುತ್ತದೆ. ಐಫೋನಿನಲ್ಲಿ ಕಟ್ಟಲೆ ಇನ್ನೂ ಬಿಗಿ. ಅಲ್ಲಿ ಸಿರಿಯ ಮೂಲಕವೇ ಆಪ್‌ನ ಕೆಲಸಗಳನ್ನು ಕರೆಯಿಸುವ ಏರ್ಪಾಡನ್ನು ಕೊಟ್ಟಿದ್ದಾರೆ.

ಹೀಗಾಗಿ ಬಹುತೇಕ ಆಪ್‌ಗಳಲ್ಲಿ ಕರೆಪದ ನಡೆಯುವುದು ಆಪ್ ತೆರೆದಿರುವಾಗ ಮಾತ್ರ. ಈ ಲೇಖಕನ ಅಭಿಪ್ರಾಯದಲ್ಲಿ, ಹಳ್ಳಿಯ ಬಳಕೆಗೆ ಕಟ್ಟುವ ಆಪ್ ಮೊದಲು ಪರದೆಯ ಅರ್ಧದಷ್ಟು ದೊಡ್ಡ ಮೈಕಿನ ಗುಂಡಿಯನ್ನು ಕೊಡಲಿ, ಕರೆಪದ ಆಮೇಲೆ ಬರಲಿ. ಗುಂಡಿಯಲ್ಲಿ ಸುಳ್ಳು ಎಚ್ಚರವಿಲ್ಲ, ಅದು ಬ್ಯಾಟರಿ ತಿನ್ನುವುದಿಲ್ಲ, ಯಾವಾಗ ಆಲಿಸುತ್ತಿದೆ ಎಂಬ ಅನುಮಾನವೂ ಇಲ್ಲ. ಕೈ ಬಿಡುವಿಲ್ಲದ ಕೆಲಸಗಳಲ್ಲಿ, ದೃಷ್ಟಿ ಇಲ್ಲದವರ ಬಳಕೆಯಲ್ಲಿ ಕರೆಪದಕ್ಕೆ ನಿಜವಾದ ಸ್ಥಾನವಿದೆ.

ಆದೇಶದ ಕನ್ನಡ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಕೊನೆಗೇ ಬರುತ್ತದೆ. 'ಮೋಟಾರು ಆನ್ ಮಾಡು' ಮತ್ತು 'ಮೋಟಾರು ಆನ್ ಮಾಡ್ಬೇಡ' ಕಟ್ಟಕಡೆಯ ಎರಡು ಅಕ್ಷರಗಳವರೆಗೆ ಒಂದೇ. ಮಾತು ಮುಗಿಯುವ ಮೊದಲೇ ಉದ್ದೇಶ ಊಹಿಸಿ ಕೆಲಸ ಶುರುಮಾಡುವ ತಂತ್ರ ಇಂಗ್ಲಿಷಿನಲ್ಲಿ ಸಮಯ ಉಳಿಸುತ್ತದೆ. ಕನ್ನಡದಲ್ಲಿ ಅದೇ ತಂತ್ರ ಅಪಾಯಕಾರಿ. ಮಾತು ನಿಂತಿತೆಂದು ತೀರ್ಮಾನಿಸುವ ಮುನ್ನ ಕಾಯುವ ಮೌನವನ್ನೂ ತುಸು ಉದ್ದ ಮಾಡಬೇಕು. ಮೂರು ಫೇಸ್ ವಿದ್ಯುತ್ ಬಂದಾಗ ದೂರದಿಂದಲೇ ಪಂಪ್‌ಸೆಟ್ ನಡೆಸುವ ಮೊಬೈಲ್ ಸ್ಟಾರ್ಟರ್‌ಗಳು ಈ ಭಾಗದಲ್ಲಿ ಬಳಕೆಯಲ್ಲಿವೆ. ಅಂಥದ್ದಕ್ಕೆ ಧ್ವನಿ ಆದೇಶ ಸೇರಿಸುವವರು, ತೋಟದಲ್ಲಿ ಒಬ್ಬರು ತಂತಿ ಮುಟ್ಟುತ್ತಿರಬಹುದು ಎಂಬುದನ್ನು ನೆನೆದು, ಆಪ್ ಮರಳಿ ಕೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಸ್ವಿಚ್ಚು ಹಾಕುವಂತೆ ಮಾಡಬೇಕು.

ಒಂದೇ ಆದೇಶಕ್ಕೆ ರೂಪಗಳು ಹಲವು. ಎಳನೀರಿನ ಧಾರಣೆ ಕೇಳುವವರು 'ಬೆಲೆ ತೋರಿಸಿ' ಎನ್ನುವುದು ಅಪರೂಪ. 'ಎಳ್ನೀರ್ ರೇಟೆಷ್ಟು', 'ಇವತ್ತೆಷ್ಟೈತೆ ರೇಟು', 'ರೇಟ್ ಹೇಳವ್ವ', 'ಒಸಿ ತೋರ್ಸಪ್ಪ' ಎಲ್ಲವೂ ಬಂದೇ ಬರುತ್ತವೆ. ಫೋನಿನೊಳಗಿನ ಹೆಣ್ಣುದನಿಯನ್ನು 'ಅವ್ವ' ಎಂದು ಕರೆಯುವುದು ಇಲ್ಲಿನವರಿಗೆ ಸಹಜ. ಈ ಸಂಬೋಧನೆಗಳನ್ನು ತಂತ್ರಾಂಶ ಕಸವೆಂದು ಬಿಸಾಡದೆ, ಇವು ಉದ್ದೇಶವನ್ನು ಬದಲಿಸುವುದಿಲ್ಲ ಎಂದಷ್ಟೇ ತಿಳಿಯಬೇಕು. ಬಳಸುವವರು ಏಕವಚನದಲ್ಲಿ ಮಾತಾಡಲಿ, ಆಪ್ ಮಾತ್ರ 'ನೀವು' ಎಂದೇ ಉತ್ತರಿಸಬೇಕು. ಹಿರಿಯರಿಗೆ ಯಂತ್ರ ಏಕವಚನ ಹಾಕಿದರೆ ಆ ಆಪ್ ಮನೆಯಲ್ಲಿ ಉಳಿಯುವುದಿಲ್ಲ.

ಹಕಾರ ಉದುರುವುದರಿಂದ ಹುಟ್ಟುವ ಗೊಂದಲ ಇಲ್ಲಿ ಇನ್ನೊಮ್ಮೆ ಎದುರಾಗುತ್ತದೆ. 'ಆಲಿನ ರೇಟು' ಎಂದವರು ಕೇಳಿದ್ದು ಹಾಲಿನ ದರ. ಸಾಮಾನ್ಯ ತಂತ್ರಾಂಶ ಅದನ್ನು ಆಲೂಗಡ್ಡೆಯ ಕಡೆಗೆ ಒಯ್ದೀತು. ಮದ್ದೂರಿನ ಪಕ್ಕದ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಡೇರಿಯಿದೆ, ಬೆಳಿಗ್ಗೆ ಸಂಜೆ ಹಾಲು ಹಾಕುವ ಮನೆಗಳಿವೆ; ಈ ತಾಲ್ಲೂಕಿನ ಆಪ್ 'ಆಲು' ಕೇಳಿದಾಗ ಮೊದಲು ಹಾಲನ್ನೇ ನೆನೆಯಬೇಕು. 'ಅತ್ತು' ಎಂಬುದು ಸಂಖ್ಯೆಯ ಜಾಗದಲ್ಲಿ ಬಂದರೆ ಹತ್ತು. ಅಕ್ಕಿ–ಹಕ್ಕಿಗಳ ಗೊಂದಲ ಧಾರಣೆಯ ಆಪ್‌ನಲ್ಲಿ ತಾನಾಗಿಯೇ ಬಗೆಹರಿಯುತ್ತದೆ, ಹಕ್ಕಿಯ ರೇಟನ್ನು ಕೇಳುವವರಿಲ್ಲ. ಕಿರಿದಾದ ಪದಪಟ್ಟಿಯ ಬಲ ಇದು.

ಊರ ಹೆಸರುಗಳದೇ ಒಂದು ಲೋಕ. ಮದ್ದೂರು ತಾಲ್ಲೂಕಿನ ಕಾಳಮುದ್ದನದೊಡ್ಡಿಯನ್ನು ಜನ ಕೆ.ಎಂ. ದೊಡ್ಡಿ ಎನ್ನುತ್ತಾರೆ, ಅದೇ ಊರು ಭಾರತೀನಗರವೂ ಹೌದು. ಚಿಕ್ಕರಸಿನಕೆರೆ ಸಿ.ಎ. ಕೆರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಬಿ.ಜಿ. ಪುರ. ಕೊಪ್ಪ ಎಂದರೆ ಇಲ್ಲಿ ಮದ್ದೂರಿನ ಹೋಬಳಿ, ರಾಜ್ಯಮಟ್ಟದ ಪಟ್ಟಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು. ಶಿವಪುರವೆಂಬ ಹೆಸರಿನ ಊರುಗಳಂತೂ ಕರ್ನಾಟಕದಲ್ಲಿ ಹಲವು. ಆಪ್ ಬಳಸುವವರ ತಾಲ್ಲೂಕನ್ನು ಮೊದಲೇ ಕೇಳಿಟ್ಟುಕೊಂಡು, ಪ್ರತಿ ಊರಿಗೂ ಅದರ ಎಲ್ಲ ಹೆಸರುಗಳನ್ನು ಒಂದೇ ಗುರುತಿಗೆ ಕಟ್ಟಬೇಕು. ಈ ಪಟ್ಟಿಯನ್ನು ಬೆಂಗಳೂರಿನ ಕಚೇರಿಯಲ್ಲಿ ಕೂತು ಮಾಡಲಾಗದು. ಬಸ್ ಕಂಡಕ್ಟರು, ಅಂಚೆಯವರು, ಗ್ರಾಮ ಆಡಳಿತ ಅಧಿಕಾರಿಗಳು ಇದಕ್ಕೆ ಸರಿಯಾದ ಗುರುಗಳು.

ಅಳತೆಯ ವಿಷಯದಲ್ಲಿ ತಪ್ಪಾದರೆ ನಷ್ಟ ನೇರವಾಗಿ ರೈತನಿಗೆ. 'ಎಕರೆ ಹತ್ತು ಗುಂಟೆ' ಎಂದರೆ ಒಂದು ಎಕರೆ ಹತ್ತು ಗುಂಟೆ. 'ಒಂದು' ಎಂಬ ಪದ ಮಾತಿನಲ್ಲಿ ಬರುವುದೇ ಇಲ್ಲ. ಎಕರೆಗೆ 40 ಗುಂಟೆಯಾದ್ದರಿಂದ ಅದು 1.25 ಎಕರೆ, 1.10 ಅಲ್ಲ. ಒಂದೂಕಾಲು, ಎರಡೂವರೆ, ಮುಕ್ಕಾಲುಗಳನ್ನು ಸಂಖ್ಯೆಗಿಳಿಸುವ ನಿಯಮಗಳನ್ನು ಕೈಯಾರೆ ಬರೆಯುವುದೇ ಲೇಸು. ಸರ್ಕಾರದ ಬೆಳೆ ಸಮೀಕ್ಷೆ ಆಪ್‌ನಲ್ಲಿ 2020ರಿಂದ ರೈತರೇ ತಮ್ಮ ಜಮೀನಿನ ಬೆಳೆ, ವಿಸ್ತೀರ್ಣ, ಚಿತ್ರಗಳನ್ನು ತುಂಬಬಹುದಾಗಿದೆ. ಅಂಥ ಕೆಲಸಕ್ಕೆ ಮಾತಿನ ದಾರಿ ಕೊಡುವವರಿಗೆ ಈ ನಿಯಮಗಳು ಮೊದಲ ದಿನದಿಂದಲೇ ಬೇಕು. ತಳಿಗಳ ಹೆಸರು ಇನ್ನೊಂದು ತೊಡಕು. ಕಬ್ಬಿನ 'ಕೋ 62175' ಅನ್ನು ಒಬ್ಬರು ಅಂಕಿ ಅಂಕಿಯಾಗಿ ಹೇಳುತ್ತಾರೆ, ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಜೋಡಿ ಮಾಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ಬಂದ ತಳಿಗಳಿಗೂ, 'ರಾಜಮುಡಿ'ಯಂಥ ನಾಟಿ ಭತ್ತಕ್ಕೂ ಪಟ್ಟಿಯಲ್ಲಿ ಜಾಗವಿರಬೇಕು.

ದನಿಯ ಬಂಡವಾಳ

ಇಷ್ಟೆಲ್ಲ ಕಲಿಸಲು ಬೇಕಾದ ದಾಖಲಿತ ಕನ್ನಡ ಎಲ್ಲಿಂದ ಬರುತ್ತದೆ? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾಷಾ ದತ್ತಾಂಶ ಕೂಟ 2019ರಲ್ಲಿ ಕನ್ನಡ ಮಾತಿನ ದತ್ತಾಂಶ ಬಿಡುಗಡೆ ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ನೂರಾರು ಗಂಟೆಗಳ ಓದಿದ ಕನ್ನಡವನ್ನು ಎಲ್ಲರ ಬಳಕೆಗೆ ತೆರೆದಿಟ್ಟಿತು. ಅದೇ ಸಂಸ್ಥೆಯ ರೆಸ್ಪಿನ್ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳಿಗೆಂದೇ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಆಡುನುಡಿಗಳನ್ನು ಕೂಡಿಸಿತು. ಗೂಗಲ್ ನೆರವಿನೊಡನೆ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಎಂಬ ಸಂಶೋಧನಾ ಸಂಸ್ಥೆ ನಡೆಸುವ ವಾಣಿ ಯೋಜನೆಯ ಗುರಿ ಇನ್ನೂ ದೊಡ್ಡದು: ದೇಶದ 773 ಜಿಲ್ಲೆಗಳಿಂದ 1,50,000 ಗಂಟೆಗೂ ಮಿಕ್ಕಿದ ಮಾತು. ಇದರಲ್ಲಿ ವಾಕ್ಯ ಓದಿಸುವುದಿಲ್ಲ, ಚಿತ್ರ ತೋರಿಸಿ ತಮ್ಮ ಮಾತಿನಲ್ಲಿ ಹೇಳಿಸುತ್ತಾರೆ. 80 ಜಿಲ್ಲೆಗಳ ಮೊದಲ ಹಂತದಲ್ಲಿ ನೆರೆಯ ಮೈಸೂರು, ಚಾಮರಾಜನಗರಗಳು ಸೇರಿದ್ದವು. ಓದಿಸಿದ ಮಾತಿಗೂ ಆಡಿಸಿದ ಮಾತಿಗೂ ಇರುವ ಅಂತರ ದೊಡ್ಡದು, ಹಕಾರ ಹೆಚ್ಚಾಗಿ ಉದುರುವುದು ಎರಡನೆಯದರಲ್ಲಿ.

ದನಿ ಕೊಟ್ಟವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡದ್ದು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಹುಟ್ಟಿದ 'ಕಾರ್ಯ' ಎಂಬ ಸಂಸ್ಥೆ. 2023ರಲ್ಲಿ ಕರ್ನಾಟಕದ ಹಳ್ಳಿಗರು ಅದರ ಆಪ್‌ನಲ್ಲಿ ಕನ್ನಡ ವಾಕ್ಯಗಳನ್ನು ಓದಿ ದಾಖಲಿಸಿದರು. ಕ್ಷಯರೋಗದ ಬಗ್ಗೆ ತಿಳಿಹೇಳುವ ಚಾಟ್‌ಬಾಟ್ ಒಂದಕ್ಕೆ ಆ ದನಿ ಬೇಕಾಗಿತ್ತು. ಗಂಟೆಗೆ ಸುಮಾರು 5 ಡಾಲರ್ ಕೂಲಿ, ದತ್ತಾಂಶ ಮತ್ತೆ ಮಾರಾಟವಾದರೆ ದನಿ ಕೊಟ್ಟವರಿಗೆ ಪಾಲು ಎಂಬುದು ಅಲ್ಲಿನ ಕರಾರು. ಮದ್ದೂರಿನಲ್ಲಿ ಕರೆಪದದ ಉಚ್ಚಾರ ಕೂಡಿಸಲು ಹೊರಡುವ ಯಾವುದೇ ತಂಡ ಈ ಕರಾರನ್ನು ಕನಿಷ್ಠ ಮಟ್ಟವೆಂದು ಹಿಡಿಯಬೇಕು.

ಜೋಡಣೆ ಮತ್ತು ಖಾಸಗಿತನ

ಇಂದು ಕನ್ನಡದ ಆದೇಶಗಳನ್ನು ಆಪ್‌ಗೆ ಸೇರಿಸಲು ಮೂರು ದಾರಿಗಳಿವೆ. ಆಂಡ್ರಾಯ್ಡ್‌ನ ಸ್ವಂತ ಮಾತು ಗುರುತಿಸುವ ಸೇವೆಗೆ ಭಾರತದ ಕನ್ನಡ ಎಂಬ ಭಾಷಾಸೂಚಿ ಕೊಟ್ಟು ಬಳಸುವುದು ಅತಿ ಸುಲಭ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಭಾಷಿಣಿ ಎಂಬ ಭಾಷಾ ತಂತ್ರಜ್ಞಾನ ಯೋಜನೆಯ ಸೇವೆಗಳನ್ನು ಸರ್ವರಿನಿಂದ ಪಡೆಯುವುದು ಎರಡನೆಯದು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಬಿಡುಗಡೆ ಮಾಡಿದ ಮುಕ್ತ ಮಾದರಿಗಳನ್ನೋ ಓಪನ್‌ಎಐಯ ವಿಸ್ಪರ್ ಮಾದರಿಯನ್ನೋ ತಿದ್ದಿ ತೀಡಿ ತಮ್ಮದೇ ಆಗಿಸಿಕೊಳ್ಳುವುದು ಮೂರನೆಯದು. ಮೊದಲು ಬಿಡುಗಡೆಯಾದ ವಿಸ್ಪರ್ ಕಲಿತದ್ದು 6,80,000 ಗಂಟೆಗಳ ಮಾತಿನಿಂದ. ಅದರಲ್ಲಿ ಬರಹಕ್ಕಿಳಿಸಿದ ಕನ್ನಡದ ಪಾಲು ಬೆರಳೆಣಿಕೆಯ ಗಂಟೆಗಳಷ್ಟು, ಆದ್ದರಿಂದ ಮರುತರಬೇತಿ ಇಲ್ಲದೆ ಅದನ್ನು ನೆಚ್ಚಲಾಗದು. ಸರ್ವರಿಗೆ ದನಿ ಕಳಿಸುವವರು ಇಂಟರ್ನೆಟ್ ಡೇಟಾದ ಲೆಕ್ಕವನ್ನೂ ನೋಡಬೇಕು: ಸಂಕೋಚಿಸದ ಒಂದು ನಿಮಿಷದ ಮಾತು ಸುಮಾರು 1.92 ಎಂಬಿ.

ಕರೆಪದ ಗುರುತಿಸುವ ಜಾಲವನ್ನು ಮಾತ್ರ ಫೋನಿನೊಳಗೇ ಇಡಬೇಕು. ಪದ ಕೇಳಿಸುವ ಮುನ್ನಿನ ಒಂದು ಸೆಕೆಂಡಿನ ದನಿ ನೆನಪಿನಲ್ಲಿ ಸುತ್ತುತ್ತ ಅಳಿದುಹೋಗಬೇಕು, ಹೊರಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆಯ ಕೋರಿಕೆ ಸ್ಪಷ್ಟವಾಗಿರಬೇಕು, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಬಳಸುವವರು ಬಯಸಿದ್ದರಲ್ಲಿ ಸಿಗಬೇಕು. ಓದಲಾರದವರಿಗಾಗಿ ಕಟ್ಟಿದ ಆಪ್ ಒಪ್ಪಿಗೆಯ ಪಠ್ಯವನ್ನು ಪರದೆಯ ಮೇಲೆ ಬರೆದು ಬಿಟ್ಟರೆ ಸಾಲದು. ಅದನ್ನು ಓದಿ ಹೇಳಬೇಕು, ಬಾಯಿಮಾತಿನ ಒಪ್ಪಿಗೆ ಪಡೆಯಬೇಕು, 'ನನ್ನ ಮಾತು ಅಳಿಸು' ಎಂದಾಗ ಅಳಿಸಿ ಅಳಿಸಿದ್ದೇನೆ ಎಂದು ತಿಳಿಸಬೇಕು. ಹಳ್ಳಿಯಲ್ಲಿ ಒಂದು ಫೋನನ್ನು ಮನೆಮಂದಿಯೆಲ್ಲ ಬಳಸುವುದರಿಂದ, ಸಾಲದ ಬಾಕಿ, ಡೇರಿಯ ಬಟವಾಡೆ, ಆಸ್ಪತ್ರೆಯ ವರದಿಯಂಥ ಉತ್ತರಗಳನ್ನು ಗಟ್ಟಿಯಾಗಿ ಹೇಳುವ ಮುನ್ನ ಆಪ್ ಒಮ್ಮೆ ಕೇಳಬೇಕು. ಬೇಡವೆಂದರೆ ಫೋನನ್ನು ಕಿವಿಗೆ ಹಿಡಿದಾಗಲಷ್ಟೇ ಮೆಲ್ಲಗೆ ಹೇಳುವ ಏರ್ಪಾಡನ್ನು ಫೋನಿನ ಸಾಮೀಪ್ಯ ಸಂವೇದಕದಿಂದ ಮಾಡಬಹುದು.